ಮಾವನವರ ಮಧ್ಯಾಹ್ನದ ನಿದ್ದೆ

ಎಚ್ಚರವಿದ್ದಾಗ ಗೋಲಿಯಂತೆ ನಿಂತಿರುತ್ತಿದ್ದ ನನ್ನ ಮಾವನವರ ಕಣ್ಣುಗುಡ್ಡೆಗಳು ನಿದ್ದೆಯಲ್ಲಿ ಮಾತ್ರ ಮುಚ್ಚಿದ ರೆಪ್ಪೆಯ ಕೆಳಗೆ ಸರಸರ ಓಡಾಡುತ್ತಿದ್ದವು. ತವರೂರು ಮುರುಮದಿಂದ ಮದುವೆಯಾಗಿ ಉದಗೀರಕ್ಕೆ ಬಂದ ಹೊಸದರಲ್ಲಿ ಅದನ್ನು ಕಂಡು ಹೆದರಿದ್ದೆ. ಅವರ ದೃಷ್ಟಿ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಅತ್ತೆ ತೀರಿಕೊಂಡದ್ದು ಅದಕ್ಕೂ ಮುಂಚೆ.

ನಮ್ಮದು ಅರಿವೆ ವ್ಯಾಪಾರ. ಮಾವನವರು ಅಂಗಡಿಯ ಗಾದಿಯ ಮೇಲೆ ಕುಳಿತು, ಹೆಬ್ಬೆರಳಿನಿಂದ ಅಂಚು ತಿಕ್ಕಿ, ಸೀರೆ ಯಾವ ಊರಿನ ಮಗ್ಗದ್ದೆಂದು ಹೇಳುತ್ತಿದ್ದರು. ತಪ್ಪಿದರೆ ಒಪ್ಪುತ್ತಿರಲಿಲ್ಲ, ನೇಕಾರನೇ ಮೋಸ ಮಾಡಿದ್ದಾನೆ ಎನ್ನುತ್ತಿದ್ದರು.

ಮಧ್ಯಾಹ್ನ ಉಂಡು ಕಂಬಳಿ ಹಾಸಿಕೊಂಡಾಗ ಅವರು "ಮಲಗ್ತೀನಿ" ಎಂದವರಲ್ಲ. "ನೋಡಿ ಬರ್ತೀನಿ ಯವ್ವಾ" ಎನ್ನುತ್ತಿದ್ದರು. ಕನಸಿನಲ್ಲಿ ಅವರಿಗೆ ಎಲ್ಲವೂ ಕಾಣುತ್ತಿತ್ತು: ಕೋಟೆಯ ಗೋಡೆ, ಅಂಗಡಿಯ ಹಸಿರು ಸೀರೆ, ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಮುಖ. ನಮ್ಮಂಥವರ ಮನೆಯಲ್ಲಿ ಫೋಟೋ ಇಲ್ಲದ ಕಾಲ. ಆ ಮುಖ ಅವರಿಗೆ ಸಿಗುತ್ತಿದ್ದದ್ದು ನಿದ್ದೆಯಲ್ಲಿ ಮಾತ್ರ. ಆ ಹೊತ್ತಿನಲ್ಲಿ ನಾನು ಪಾತ್ರೆ ಸಪ್ಪಳ ಮಾಡಿದರೆ ಬೈಗುಳ ತಪ್ಪುತ್ತಿರಲಿಲ್ಲ.

ಒಮ್ಮೆ ಕೇಳಿಯೇಬಿಟ್ಟೆ.

"ಮಾವಾರ, ನಿಮ್ಮ ಕನಸಿನಾಗ ನಾ ಬರಂಗಿಲ್ಲೇನ್ರಿ?"

"ನಿನ್ನ ಮಾರಿ ನಾ ಎಲ್ಲಿ ನೋಡೀನಿ? ಹೆಂಗ ಬರ್ತಿ?"

ಎರಡು ಹೊತ್ತು ರೊಟ್ಟಿ ಬಡಿಯುವವಳು ನಾನು, ಕನಸಿಗೆ ಬರುವವರು ಬೇರೆಯವರು! ಹೊಟ್ಟೆಕಿಚ್ಚಾಯಿತು.

ಅದು ನಿಜಾಮರ ಆಳಿಕೆ. ಶಾಲೆಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ, ಕನ್ನಡ ಹೊಸ್ತಿಲ ಒಳಗೆ. ನನಗಂತೂ ಯಾವ ಅಕ್ಷರವೂ ಬಾರದು. ಅದು ಗೊತ್ತಾದ ದಿನ, ಚಿಕ್ಕಂದಿನಲ್ಲಿ ಮಠದಲ್ಲಿ ಕನ್ನಡ ಕಲಿತಿದ್ದ ಮಾವನವರು ತಾಟಿನಲ್ಲಿ ಜೋಳದ ಹಿಟ್ಟು ಹರವಿಸಿ, ನನ್ನ ಬೆರಳು ಹಿಡಿದು 'ಅ' ತಿದ್ದಿಸಿದರು. ಸೊಸೆಯ ಕೈ ಹಿಡಿಯುವುದೇ ಎಂದು ಓಣಿಯವರು ಆಡಿಕೊಂಡರು.

"ಕಣ್ಣಿದ್ದವರು ನೀವು ಬಂದು ಕಲಿಸ್ರಿ ಹಂಗಾರ" ಎಂದರು ಮಾವನವರು. ಯಾರೂ ಬರಲಿಲ್ಲ.

ನಾನು ಬರೆದದ್ದನ್ನು ಅವರು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಮುಟ್ಟಿದೊಡನೆ ಅಳಿಸಿಹೋಗುತ್ತಿತ್ತು, ಮತ್ತೆ ಬರೆಯಬೇಕು.

ವರ್ಷಗಳು ಕಳೆದಂತೆ ರೆಪ್ಪೆಯ ಕೆಳಗಿನ ಓಡಾಟ ಕಡಿಮೆಯಾಯಿತು. ಕನಸಿನಲ್ಲಿ ಮೊದಲು ಬಣ್ಣ ಹೋಯಿತು, ಆಮೇಲೆ ಗೋಡೆಗಳು ಮಬ್ಬಾದವು. ಒಂದು ಮಧ್ಯಾಹ್ನ ಎದ್ದು ಕುಳಿತು ಅತ್ತರು.

"ಮಾರಿ ಹೋತವಾ. ದನಿ ಅದ, ಬಳಿ ಸಪ್ಪಳ ಅದ. ಆಕಿ ಮಾರಿ ಇಲ್ಲ."

ಹೀಗಿತ್ತು ಎಂದು ಹೇಳಲು ನಾನೂ ಆ ಮುಖ ನೋಡಿದವಳಲ್ಲ. ಮರುದಿನದಿಂದ ಅವರು ಬರೀ "ಮಲಗ್ತೀನಿ" ಎನ್ನತೊಡಗಿದರು. ಆ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತಿತ್ತು.

ಬಹಳ ದಿನಗಳ ಮೇಲೆ, ಅವರು ಮಲಗಿದ್ದಾಗ ಜೋಳ ಹಸನು ಮಾಡುತ್ತ ಹತ್ತಿರ ಕುಳಿತಿದ್ದೆ. ಕಣ್ಣುಗುಡ್ಡೆಗಳು ಅಲುಗುತ್ತಿರಲಿಲ್ಲ. ಬಲಗೈಯ ತೋರುಬೆರಳು ಮಾತ್ರ ಕಂಬಳಿಯ ಮೇಲೆ ಮೆಲ್ಲಗೆ ಸುತ್ತುತ್ತಿತ್ತು. ದುಂಡಗಿನ 'ಅ'. ಓದಲು ನನಗೆ ಬರುತ್ತಿತ್ತಲ್ಲ!

ಎದ್ದವರೇ ಹೇಳಿದರು: "ಇವತ್ತ ನೀ ಬಂದಿದ್ದೆವಾ. ಮಾರಿ ಇರಲಿಲ್ಲ. ಬೆರಳಿಗೆ ಹಿಟ್ಟು ಮೆತ್ತಿತ್ತು, ಅದರ ಮ್ಯಾಲೆ ಗುರುತ ಹಿಡದೆ."

ಹಿಗ್ಗಿದೆ. ಅತ್ತೆಯ ಮುಖ ಹೋದ ಮೇಲೆ ನನಗೆ ಜಾಗ ಸಿಕ್ಕಿತಲ್ಲ ಎಂದು ನಾಚಿಕೆಯೂ ಆಯಿತು. ಮರುದಿನ ಉಂಡು ಕಂಬಳಿ ಹಾಸಿಕೊಂಡವರು "ನೋಡಿ ಬರ್ತೀನಿ ಯವ್ವಾ" ಎಂದರು.

ಆ ವರ್ಷವೇ ಲಿಂಗೈಕ್ಯರಾದರು. ಅವರದೂ ಫೋಟೋ ಇಲ್ಲ. ಈಚೆಗೆ ನನ್ನ ಕಣ್ಣಿಗೂ ಪೊರೆ ಬಂದಿದೆ. ಕನಸಿನಲ್ಲಿ ಅವರ ಮುಖ ಇನ್ನೂ ಕಾಣುತ್ತಿರುವಾಗಲೇ ಇದನ್ನು ಬರೆದಿಟ್ಟಿದ್ದೇನೆ, ಅವರು ಹಿಡಿದು ತಿದ್ದಿಸಿದ ಬೆರಳಿನಿಂದ.