ಗೌರಿಯ ನೋಟ್‌ಬುಕ್ಕುಗಳನ್ನು ನಾನು ನೆನೆಹಾಕಿದ್ದು

ಸಣ್ಣಮ್ಮಕ್ಕ ಓಡಿಬಂದಾಗ ನಾನು ನೆಂದ ಕಾಗದವನ್ನು ಒರಳಿಗೆ ಹಾಕುವುದರಲ್ಲಿದ್ದೆ.

"ಮೇಡಮ್, ಮೊನ್ನೆ ನಮ್ ನಾದ್ನಿ ಒಂದ್ ಚೀಲ ತಂದ್ಕೊಟ್ಳಂತಲ್ಲ... ಎಲ್ಲೈತೆ?"

ಟಬ್ಬಿನ ಕಡೆ ಕೈ ತೋರಿಸಿದೆ. ಎರಡು ದಿನದಿಂದ ನೆನೆಯುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಹೊಳೆನರಸೀಪುರದಿಂದ ಬಸ್ಸಿನಲ್ಲಿ ಮಲ್ಲಿಪಟ್ಟಣಕ್ಕೆ ಹೋಗಿ, ಅಲ್ಲಿನ ಹೆಂಗಸರಿಗೆ ರದ್ದಿ ಕಾಗದದಲ್ಲಿ ಬುಟ್ಟಿ ಮಾಡುವುದನ್ನು ಹೇಳಿಕೊಡುತ್ತಿದ್ದೆ. ಕಾಗದ ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ಕವುಚಿಟ್ಟ ಪಾತ್ರೆಯ ಮೇಲೆ ಮೆತ್ತಿ ಒಣಗಿಸುವುದು. ನಮ್ಮಜ್ಜಿಯಿಂದ ಕಲಿತ ಕೆಲಸ.

ಮನೆಯಲ್ಲಿ ಬೇಡದ ಕಾಗದ ಇದ್ದರೆ ತನ್ನಿ ಅಂತ ನಾನೇ ಹೇಳಿದ್ದೆ.

ಸಣ್ಣಮ್ಮಕ್ಕ ಟಬ್ಬಿಗೆ ಕೈ ಹಾಕಿದರು. ಒಂದು ರಟ್ಟು ಮೇಲೆ ಬಂತು. ಅದರ ಮೇಲೆ ನವಿಲಿನ ಚಿತ್ರದ ಲೇಬಲ್.

"ನಮ್ ಗೌರೀದು" ಅಂದರು.

ಗೌರಿ ಅವರ ಒಬ್ಬಳೇ ಮಗಳು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು, ಹಾಸನಕ್ಕೆ ಕರೆದುಕೊಂಡು ಹೋಗುವಷ್ಟರಲ್ಲಿ ತೀರಿಕೊಂಡಿದ್ದಳು. ಅದೆಲ್ಲ ನನಗೆ ಗೊತ್ತಿತ್ತು. ಆ ಪುಸ್ತಕಗಳ ಮೇಲಿನ ಹೆಸರನ್ನು ಮಾತ್ರ ನಾನು ಓದಿರಲಿಲ್ಲ.

ಇಬ್ಬರೂ ಕೂತು ಹಾಳೆ ಬಿಡಿಸಲು ನೋಡಿದೆವು. ಮುಟ್ಟಿದರೆ ಹರಿಯುತ್ತಿತ್ತು. ಇಂಕ್ ಪೆನ್ನಿನ ಅಕ್ಷರವೆಲ್ಲ ನೀರಿಗೆ ಬಿಟ್ಟುಕೊಂಡು ಟಬ್ಬೇ ನೀಲಿಯಾಗಿತ್ತು.

"ಏನ್ ಬರ್ದಿದ್ಲು ಮೇಡಮ್? ಒಂದಾದ್ರೂ ಓದಿ. ನಂಗೆ ಓದಕ್ ಬರಕಿಲ್ಲ."

ಪೆನ್ಸಿಲ್ಲಿನಲ್ಲಿ ಬರೆದ ಒಂದು ದಾಸವಾಳದ ಚಿತ್ರ ಉಳಿದಿತ್ತು. ಪಕ್ಕದಲ್ಲಿದ್ದ ಹೆಸರುಗಳನ್ನು ಓದಿದೆ. ದಳ... ಕೇಸರ... ಅಂಡಾಶಯ...

ಅವರು ನನ್ನ ಹಿಂದೆಯೇ ಒಂದೊಂದನ್ನೂ ಮೆಲ್ಲಗೆ ಹೇಳಿಕೊಂಡರು. ಹಾಳೆ ಎತ್ತಲು ಹೋದಾಗ ಅದೂ ಎರಡು ತುಂಡಾಯಿತು.

ತಪ್ಪಾಯ್ತು ಅಕ್ಕಾ ಅಂದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದರು: "ರುಬ್ಬನ. ಬ್ಯಾರೆ ಕಾಗ್ದ ಒಂದ್ ಚೂರೂ ಬೆರಸ್ಬ್ಯಾಡಿ."

ಉಳಿದ ಹೆಂಗಸರು ಕೆಲಸ ಬಿಟ್ಟು ನಿಂತಿದ್ದಾರೆ. ಸಣ್ಣಮ್ಮಕ್ಕ ಒರಳಿನ ಮುಂದೆ ಕೂತಿದ್ದಾರೆ, ರುಬ್ಬುಗುಂಡು ಮುಟ್ಟಲು ನನಗೆ ಬಿಡುತ್ತಿಲ್ಲ. ಹಿಂಡಿದ ನೀಲಿ ನೀರನ್ನೂ ಚೆಲ್ಲದೆ, ಅದನ್ನೇ ಚಿಮುಕಿಸಿ ಚಿಮುಕಿಸಿ ರುಬ್ಬುತ್ತಿದ್ದಾರೆ...

ಬುಟ್ಟಿ ಒಣಗಲು ನಾಲ್ಕು ದಿನ ಬೇಕಾಯಿತು. ಎಲ್ಲರೂ ತಮ್ಮ ತಮ್ಮ ಬುಟ್ಟಿಗೆ ಬಣ್ಣ ಬಳಿದರು, ಅರಕಲಗೂಡಿನ ಪ್ರದರ್ಶನಕ್ಕೆ ಕಳಿಸಿದರು. ಸಣ್ಣಮ್ಮಕ್ಕ ಬಳಿಯಲೂ ಇಲ್ಲ, ಕಳಿಸಲೂ ಇಲ್ಲ. ಮಾಸಲು ನೀಲಿಯ ಆ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಮನೆಗೆ ಹೋದರು.

ಒಂದು ವರ್ಷ ನನಗೆ ಆ ಕಡೆ ಹೋಗುವ ಧೈರ್ಯವೇ ಬರಲಿಲ್ಲ. ಕೊನೆಗೆ ಅವರ ಮನೆಗೆ ಹೋದೆ. ದೇವರ ಗೂಡಿನಲ್ಲೋ, ಪೆಟ್ಟಿಗೆಯಲ್ಲೋ ಇಟ್ಟಿರುತ್ತಾರೆ ಅಂದುಕೊಂಡಿದ್ದೆ. ಬುಟ್ಟಿ ಒಲೆಯ ಪಕ್ಕದಲ್ಲೇ ಇತ್ತು, ತುಂಬ ಅವರೆಕಾಳು.

ನಾನು ನೋಡಿದ್ದನ್ನು ಅವರೂ ನೋಡಿದರು.

"ಸುಮ್ನೆ ಎತ್ತಿಟ್ರೆ ಸತ್ತೋಳ ಸಾಮಾನು ಆಯ್ತದೆ ಮೇಡಮ್. ದಿನಾ ಕೈಯಾಡ್ತಿದ್ರೆ... ಅವ್ಳೂ ಮನೇಲೇ ಓಡಾಡ್ಕಂಡಿರಂಗೈತೆ."

ಹೊರಡುವಾಗ ಅದರಿಂದಲೇ ಎರಡು ಬೊಗಸೆ ಕಾಳು ಎತ್ತಿ ನನ್ನ ಬ್ಯಾಗಿಗೆ ಹಾಕಿದರು.

ನನ್ನನ್ನು ಕ್ಷಮಿಸಿದ್ದೀರಾ ಅಂತ ಕೇಳಲು ಅವತ್ತು ಬಾಯಿ ಬರಲಿಲ್ಲ, ಆಮೇಲೂ ಕೇಳಲಿಲ್ಲ... ನೀವಾಗಿದ್ದರೆ ಕೇಳುತ್ತಿದ್ದಿರಾ?