ಅಲ್ವಾರೊ ಮೊದಲು ಬಂದ ದಿನ

ನಮ್ಮ ಚೆರ್ರಾಲ್ತೊ ಊರನ್ನು ಗುಡ್ಡದ ನೆತ್ತಿಯ ಮೇಲೆ ಕಟ್ಟಿದವರು ಬುದ್ಧಿವಂತರು. ದಂಡೆತ್ತಿ ಬಂದ ವೈರಿ ಮೇಲೆ ಹತ್ತುವಷ್ಟರಲ್ಲಿ ಉಸಿರು ಕಟ್ಟಿ, ಕತ್ತಿ ಎತ್ತಲೂ ತ್ರಾಣವಿಲ್ಲದೆ ಕೋಟೆ ಬಾಗಿಲಲ್ಲೇ ಕುಸಿಯಬೇಕು ಎಂಬುದು ಅವರ ಲೆಕ್ಕಾಚಾರ. ಎಂಟು ನೂರು ವರ್ಷ ಕಳೆದರೂ ಆ ಲೆಕ್ಕಾಚಾರ ಕೆಟ್ಟಿಲ್ಲ. ಈಗ ವೈರಿಗಳ ಬದಲು ಸೈಕಲ್‌ನವರು ಬರುತ್ತಾರೆ, ಅಷ್ಟೇ. ಬಾಗಿಲ ಪಕ್ಕದಲ್ಲೇ ನನ್ನ ಕಾಫಿ ಅಂಗಡಿ ಇರುವುದರಿಂದ, ಕುಸಿದವರನ್ನೆಲ್ಲ ಎತ್ತಿ ಕೂರಿಸುವ ಕರ್ಮ ನನ್ನ ಪಾಲಿಗೆ ಬಂದಿದೆ.

ಹಾಗೆ ಕುಸಿಯುವವರಲ್ಲಿ ನಮ್ಮೂರಿನವನೇ ಒಬ್ಬನಿದ್ದಾನೆ, ಅಲ್ವಾರೊ. ಹಂದಿಮಾಂಸದ ಅಂಗಡಿ ಅವನದು. ಅವನ ಹಂದಿಗಳು ಕೆಳಗಿನ ಓಕ್ ಕಾಡಿನಲ್ಲಿ ಉದುರಿದ ಕಾಯಿ ತಿಂದುಕೊಂಡು ಸುಖವಾಗಿರುತ್ತವೆ. ಅವುಗಳ ತೊಡೆಗೆ ಉಪ್ಪು ಹಚ್ಚಿ ಒಣಗಿಸುವ ಹದ ಅವನಂತೆ ಈ ಸೀಮೆಯಲ್ಲಿ ಇನ್ನೊಬ್ಬನಿಗೆ ಬರದು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಮರ್ಯಾದಸ್ಥನಾಗಿ ಬಾಳುತ್ತಿದ್ದ. ಆದರೆ ಈ ಮಹಾರಾಯನಿಗೆ ಸೈಕಲ್ ಹುಚ್ಚು. ಭಾನುವಾರ ಬಂತೆಂದರೆ ಸಾಕು, ಅರವತ್ತು ದಾಟಿದ ಗಂಡಸು ಕಾಲಿನ ಕೂದಲನ್ನೆಲ್ಲ ಬೋಳಿಸಿ, ಬಿಗಿ ಚಡ್ಡಿ ಏರಿಸಿ, ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಅಂಗಡಿಯ ಮುಂದೆ ಪ್ರತ್ಯಕ್ಷ.

"ಕಾಲು ಯಾಕೋ ಬೋಳಿಸ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ಕೂದಲು ಗಾಳಿ ತಡೆಯುತ್ತೆ ಕಣೇ ಪಿಯೇರಾ. ನಿನಗೆ ಅದೆಲ್ಲ ಗೊತ್ತಾಗಲ್ಲ."

"ಹೊಟ್ಟೆ ತಡೆಯಲ್ವಾ?"

ಆ ವಾರವೆಲ್ಲ ನನ್ನ ಜೊತೆ ಮಾತು ಬಿಟ್ಟಿದ್ದ.

ಸೈಕಲ್ಲಿನ ಭಾರ ಇಳಿಸಲು ಅವನು ಮಾಡದ ಕಸರತ್ತಿಲ್ಲ. ಸೀಟು ಬದಲಾಯಿಸಿದ, ಪೆಡಲ್ ಬದಲಾಯಿಸಿದ, ಗಂಟೆ ಭಾರವೆಂದು ಅದನ್ನೂ ಕಿತ್ತೆಸೆದ. ಈಗ ಆ ಸೈಕಲ್ಲು ಅವನ ಅಂಗಡಿಯಲ್ಲಿ ತೂಗುಹಾಕಿದ ಹಂದಿತೊಡೆಗಿಂತ ಹಗುರ. ಕಾಫಿಗೆ ಸಕ್ಕರೆ ಮುಟ್ಟುವುದಿಲ್ಲ. ಮುಟ್ಟದ ಖುಷಿಗೆ ಕೆನೆ ತುಂಬಿದ ಬನ್ನು ಎರಡು ತಿನ್ನುತ್ತಾನೆ. ಇಷ್ಟೆಲ್ಲ ಮಾಡಿ ಯಾವತ್ತಾದರೂ ಗೆದ್ದನೋ ಎಂದರೆ, ಅದೊಂದು ಮಾತ್ರ ಕೇಳಬಾರದು. ಒಂದು ಸಲ ಟ್ಯೂಬ್ ಪಂಕ್ಚರ್, ಒಂದು ಸಲ ಚೈನ್ ಕಳಚಿತು, ಒಂದು ಸಲ ಯಾರದೋ ನಾಯಿ ಅಡ್ಡ ಬಂತು. ಎದುರುಗಾಳಿಯಂತೂ ಇವನು ಹೊರಟದ್ದನ್ನು ನೋಡಿಯೇ ಏಳುತ್ತದೆ.

ಅವನ ತಾಯಿ ನೊರ್ಮಜ್ಜಿಗೆ ತೊಂಬತ್ತು ಸಮೀಪಿಸಿದೆ. ಮದುವೆಯಾಗದ ಮಗನ ಜೊತೆ ಅಂಗಡಿಯ ಮೇಲಿನ ಮನೆಯಲ್ಲಿದ್ದಾಳೆ. ಕಣ್ಣಿಗೆ ಪೊರೆ ಬಂದು ಎಲ್ಲವೂ ಮಸುಕು. ಬಣ್ಣ ಕಾಣುತ್ತದೆ, ಮುಖ ಕಾಣುವುದಿಲ್ಲ. ಆಪರೇಷನ್ ಮಾಡಿಸಿಕೊಳ್ಳಲು ಒಪ್ಪಳು. ಈ ಬೇಸಿಗೆಯಲ್ಲಿ ಒಂದು ಸಂಜೆ ನನ್ನ ಎದುರಿಗೇ ಮಗನ ಕೈ ಹಿಡಿದುಕೊಂಡು, "ಇಷ್ಟು ವರ್ಷ ಹಿಂದೆ ಬಿದ್ದ ಕಥೆನೇ ಕೇಳಿದೀನಿ ಕಣೋ. ಈ ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದೇ ಒಂದ್ಸಲ ನೀನು ಮೊದಲು ಬರೋದನ್ನ ನೋಡಿಬಿಡ್ತೀನಿ," ಎಂದಳು.

ಅದೃಷ್ಟ ಎಂದರೆ ಹೇಗಿರುತ್ತದೆ ನೋಡಿ. ಪ್ರತಿ ಅಕ್ಟೋಬರ್‌ನಲ್ಲಿ ಅವನ ಕ್ಲಬ್ಬಿನವರೆಲ್ಲ ಸೇರಿ ವರ್ಷದ ಕೊನೆಯ ಸವಾರಿ ನಡೆಸುತ್ತಾರೆ. ಯಾವಾಗಲೂ ಕಣಿವೆಯ ದಾರಿಯಲ್ಲಿ ಹೋಗುತ್ತಿದ್ದವರು. ಈ ಸಲ ಕೆಳಗಿನ ಸೇತುವೆ ರಿಪೇರಿಗೆ ಬಂದು, ದಾರಿ ನಮ್ಮ ಗುಡ್ಡಕ್ಕೆ ತಿರುಗಿತು. ಇನ್ನು ಸೈಕಲ್‌ನವರಲ್ಲಿ ಒಂದು ಪದ್ಧತಿಯಿದೆ. ಸವಾರಿ ಯಾರ ಊರಿನ ಮೇಲೆ ಹಾಯುತ್ತದೋ ಆ ಊರಿನವನನ್ನು ಮುಂದೆ ಬಿಡಬೇಕು. ಅವನು ಒಬ್ಬನೇ ಊರು ಹೊಕ್ಕು, ಮನೆಯವರನ್ನು ಮುದ್ದಾಡಿ, ಮತ್ತೆ ಸೈಕಲ್ ಹತ್ತುವವರೆಗೂ ಯಾರೂ ಅವನನ್ನು ದಾಟುವ ಹಾಗಿಲ್ಲ. ಎಂಥ ಪುಂಡನೂ ಇದನ್ನು ಮೀರಿದವನಲ್ಲ.

ಅಂದರೆ ಅಲ್ವಾರೊ ಗೆಲ್ಲಲು ಈಗ ಗೆಲ್ಲಬೇಕಾಗಿಯೇ ಇರಲಿಲ್ಲ. ಊರಿಗೆಲ್ಲ ತಾನೇ ಸಾರಿದ. ಪಾದ್ರಿಗಳು ಪೂಜೆಯನ್ನು ಬೇಗ ಮುಗಿಸಿದರು. ಅವನನ್ನು ಆಡಿಕೊಂಡು ನಗುವುದರಲ್ಲಿ ಮುಂದಿದ್ದವರೇ ಕೋಟೆ ಬಾಗಿಲಿಗೆ ಬಣ್ಣದ ಬಾವುಟ ಕಟ್ಟಿದರು. ನಾನು ನೊರ್ಮಜ್ಜಿಯನ್ನು ಕರೆತಂದು ಬಾಗಿಲ ಬುಡದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಕಪ್ಪು ರೇಷ್ಮೆಯ ಉಡುಪು ತೊಟ್ಟಿದ್ದಳು.

"ಕೆಂಪಂಗಿ ಅಲ್ವೇನೇ ಪಿಯೇರಾ?"

"ಹೂಂ ಅಜ್ಜಿ, ಕ್ಲಬ್ಬಿನವರದೆಲ್ಲ ಕೆಂಪಂಗಿ. ಮೊದಲು ಬರೋ ಕೆಂಪಂಗಿನೇ ನಿನ್ನ ಮಗ."

ನಮ್ಮ ಬಾಗಿಲಿಂದ ಓಕ್ ಮರಗಳ ಸಂದಿಯಲ್ಲಿ ಕೆಳಗಿನ ತಿರುವುಗಳು ಕಾಣುತ್ತವೆ. ಕೆಂಪಂಗಿಗಳ ಗುಂಪು ಕಾಣಿಸಿತು. ಗುಂಪಿನ ಯಜಮಾನ ರೆಂಜೊ ಕೈ ಎತ್ತಿದ. ಎಲ್ಲರೂ ನಿಧಾನ ಮಾಡಿದರು. ಅಲ್ವಾರೊ ಒಬ್ಬನೇ ಮುಂದೆ ಹೊರಟ. ಹೊರಟನೇನೋ ನಿಜ, ಆದರೆ ಅವನಿಗಿಂತ ನಿಧಾನ ಹೋಗುವುದು ಹಿಂದಿದ್ದವರಿಗೆ ಸುಲಭವಾಗಲಿಲ್ಲ. ಇಬ್ಬರು ಆಯ ತಪ್ಪಿ ಪೊದೆಗೆ ಬಿದ್ದರು. ಉಳಿದವರು ಇಳಿದು, ಸೈಕಲ್ ತಳ್ಳಿಕೊಂಡು ನಡೆದರು.

ಒಬ್ಬ ಮಾತ್ರ ಇಳಿಯಲಿಲ್ಲ. ಯೋಸ್ಟ್ ಎಂಬ ಡಚ್ಚಿನವನು. ಪಕ್ಕದ ಊರಲ್ಲಿ ಹಾಳುಬಿದ್ದ ಗೋಪುರವೊಂದನ್ನು ಕೊಂಡು, ಹೋದ ವರ್ಷ ಕ್ಲಬ್ಬಿಗೆ ಸೇರಿದವನು. ಒಳ್ಳೆಯ ಮನುಷ್ಯ. ನಮ್ಮವರು ಅವನಿಗೆ ಏನೇನು ಪಾಠ ಹೇಳಿದ್ದರು ಎನ್ನುತ್ತೀರಿ! ಊಟವಾದ ಮೇಲೆ ಹಾಲಿನ ಕಾಫಿ ಕೇಳಬಾರದು, ಕಾಲುಚೀಲ ಇಷ್ಟೇ ಉದ್ದವಿರಬೇಕು, ಕನ್ನಡಕ ಹೆಲ್ಮೆಟ್ಟಿನ ಪಟ್ಟಿಯ ಹೊರಗೇ ಇರಬೇಕು. ಎಲ್ಲವನ್ನೂ ಶ್ರದ್ಧೆಯಿಂದ ಕಲಿತ. ಊರಿನವನನ್ನು ಮುಂದೆ ಬಿಡಬೇಕು ಎಂಬುದನ್ನು ಮಾತ್ರ ಒಬ್ಬನೂ ಹೇಳಿರಲಿಲ್ಲ. ತಾಯಿಯ ಹೊಟ್ಟೆಯಲ್ಲೇ ಕಲಿತು ಬರುತ್ತಾರೆ ಎಂದುಕೊಂಡರೋ ಏನೋ, ದಡ್ಡ ಶಿಖಾಮಣಿಗಳು!

ಅಲ್ವಾರೊ ಗೆಲ್ಲಲು ಓಡುತ್ತಿದ್ದಾನೆ, ಉಳಿದವರು ಕೈಚೆಲ್ಲಿದ್ದಾರೆ ಎಂದು ಯೋಸ್ಟ್ ತಿಳಿದ. ಉಳಿದವರ ಮಾನ ಕಾಯಲು ಎದ್ದು ನಿಂತು ತುಳಿದ.

"ಲೋ, ನಿಲ್ಲೋ! ನಿಲ್ಲೋ, ನಿನ್ನ ಮನೆ ಹಾಳಾಗ!" ಎಂದು ರೆಂಜೊ ಕೂಗಿದ. ಬಾಗಿಲಲ್ಲಿದ್ದವರೂ ಕೂಗಿದರು. ನಾನೂ ಗಂಟಲು ಹರಿಯುವಂತೆ ಕೂಗಿದೆ. ಆ ಗದ್ದಲದಲ್ಲಿ ಯಾರ ಮಾತೂ ತಿಳಿಯದೆ, ಇಷ್ಟು ಜನ ಹುರಿದುಂಬಿಸುತ್ತಿದ್ದಾರಲ್ಲ ಎಂದು ಪುಣ್ಯಾತ್ಮ ಇನ್ನೂ ಜೋರು ಮಾಡಿದ. ಕೊನೆಯ ತಿರುವಿನಲ್ಲಿ ಅಲ್ವಾರೊನನ್ನು ದಾಟಿ, ಎರಡೂ ಕೈ ಮೇಲೆತ್ತಿ ಬಾಗಿಲು ಹೊಕ್ಕ.

ಅವನು ಸೈಕಲ್ಲಿನಿಂದ ಇಳಿಯುವಷ್ಟರಲ್ಲಿ ನೊರ್ಮಜ್ಜಿ ಎದ್ದು ಬಂದು ಅವನ ಕೆನ್ನೆಗಳೆರಡನ್ನೂ ಹಿಡಿದಾಗಿತ್ತು.

"ಬಂದ್ಯಾ, ನನ್ನಪ್ಪಾ! ಮೊದಲು ಬಂದ್ಯಲ್ಲೋ! ನೋಡಿದೆ ಕಣೋ, ಕಣ್ಣಾರೆ ನೋಡಿದೆ!" ಮುತ್ತಿನ ಮೇಲೆ ಮುತ್ತು. ಯೋಸ್ಟ್ ತಬ್ಬಿಬ್ಬಾಗಿ ನನ್ನನ್ನು ನೋಡಿದ.

ಅಷ್ಟರಲ್ಲಿ ಅಲ್ವಾರೊ ಬಂದ. ಬಂದವನು ನೋಡಿದ. ಸಂತರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಬೈಯಬಲ್ಲ ಬಾಯಿ ಅವನದು. ಈಗ ಎಲ್ಲರ ಹೆಸರೂ ಬರುತ್ತದೆ ಎಂದು ಪಾದ್ರಿಗಳು ಕೂಡ ಕಣ್ಣು ಮುಚ್ಚಿದರು. ಯೋಸ್ಟ್ ಏನೋ ಹೇಳಲು ಬಾಯಿ ತೆರೆದ. ಅಲ್ವಾರೊ ತುಟಿಯ ಮೇಲೆ ಬೆರಳಿಟ್ಟು, ಬೇಡ ಎಂದು ತಲೆಯಾಡಿಸಿದ. ಡಚ್ಚಿನವನಿಗೆ ಕೊನೆಗೂ ಅರ್ಥವಾಯಿತು. ಮುದುಕಿಗೆ ಎಟುಕುವಂತೆ ಇನ್ನಷ್ಟು ಬಗ್ಗಿ, ಸುಮ್ಮನೆ ಮುತ್ತಿಡಿಸಿಕೊಂಡ.

ಅಜ್ಜಿ ಅವನ ಹೆಗಲ ಮೇಲಿಂದ ಇಣುಕಿದಳು. "ಹಿಂದೆ ಅದ್ಯಾರೇ ಪಿಯೇರಾ, ಅಷ್ಟೊಂದು ಏದುಸಿರು ಬಿಡ್ತಿರೋದು? ಪಾಪ, ಯಾವ ತಾಯಿ ಹೆತ್ತ ಮಗನೋ. ಅವನಿಗೂ ಒಂದು ಲೋಟ ನೀರು ಕೊಡೇ."

ಒಳಗೆ ಹೋಗಿ ತಂದುಕೊಟ್ಟೆ. ಅಲ್ವಾರೊ ಸೈಕಲ್ಲಿಗೆ ಒರಗಿ ನಿಂತು, ತಾಯಿಯನ್ನೇ ನೋಡುತ್ತಾ ಲೋಟ ಖಾಲಿ ಮಾಡಿದ. ದನಿ ಕೇಳಿದರೆ ಅವಳಿಗೆ ಗೊತ್ತಾಗಿಬಿಡುತ್ತದೆಂದು ಒಂದು ಮಾತೂ ಆಡದೆ ಲೋಟವನ್ನು ನನ್ನ ಕೈಗೆ ಕೊಟ್ಟ.