ಮೈಕ್ರೋಸ್ಕೋಪಿಗೆ ಆಯುಧಪೂಜೆ

ನಾನು ನಿಂತಿದ್ದುದು ವೇದಿಕೆಯ ಎಡಗಡೆ, ಧ್ವನಿವರ್ಧಕದ ಪೆಟ್ಟಿಗೆಯ ಪಕ್ಕದಲ್ಲಿ. ಎರಡು ಸಾವಿರದ ಐದನೇ ಇಸವಿ, ಆಯುಧಪೂಜೆಯ ಬೆಳಿಗ್ಗೆ. ಜಾಗ, ಅಂಕೋಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದ ಹೆಣ್ಣುಮಕ್ಕಳ ಹೈಸ್ಕೂಲಿನ ಅಂಗಳ. ಕೈಯಲ್ಲಿ ಶಾಲು, ಹಣ್ಣು, ತೆಂಗಿನಕಾಯಿ ಇದ್ದ ಹರಿವಾಣ. ನನ್ನ ಕಣ್ಣಿಗೆ ಯಾರೂ ಅಡ್ಡ ಇರಲಿಲ್ಲ.

ಸನ್ಮಾನ ಕಾರವಾರದಿಂದ ಬಸ್ಸಿನಲ್ಲಿ ಬಂದಿದ್ದ ಒಬ್ಬ ವೃದ್ಧೆಗೆ. ಊರಿಗೆಲ್ಲ ಅವರು ಅಕ್ಕೋರು. ಹುಡುಗಿಯರಿಗೆ ಹೊಲಿಗೆ, ಅಡುಗೆ ಸಾಕು ಎನ್ನುತ್ತಿದ್ದ ಕಾಲದಲ್ಲಿ ನಮ್ಮ ಶಾಲೆಯಲ್ಲಿ ಮೊದಲು ವಿಜ್ಞಾನ ಕಲಿಸಿದವರು. ಅವರಿವರನ್ನು ಕಾಡಿ ಮೈಕ್ರೋಸ್ಕೋಪು ತರಿಸಿ, ಅದರಡಿ ಕಡಲ ದಂಡೆಯ ಹಾರವಾಡದ ತಾರ್ಲೆ ಮೀನಿನ ಹುರುಪೆ ಇಟ್ಟು ತೋರಿಸಿದಾಗ, ಮಗಳ ಕೈ ನಾರುತ್ತದೆಂದು ಕೆಲವು ತಂದೆಯರು ದೂರು ತಂದಿದ್ದರಂತೆ. ಅದೇ ಮೀನು ಊಟದ ಬಾಳೆಲೆಗೆ ಬಿದ್ದಾಗ ಅವರಿಗೆ ನಾರುತ್ತಿರಲಿಲ್ಲ.

ಅಕ್ಕೋರು ನಿವೃತ್ತರಾದ ಮೇಲೆ ಮೈಕ್ರೋಸ್ಕೋಪಿಗೆ ಬಡ್ತಿ ಸಿಕ್ಕಿ ಅದು ದೇವರಾಯಿತು. ವರ್ಷವಿಡೀ ಕಪಾಟಿನಲ್ಲಿ ಬೀಗ. ಆಯುಧಪೂಜೆಯಂದು ಶಾಲೆಯ ಗಂಟೆಯ ಜೊತೆ ಹೊರಗೆ ತಂದು ಗಂಧ, ಕುಂಕುಮ, ಗೊಂಡೆ ಹೂವಿನ ಮಾಲೆ. ಹುಡುಗಿಯರು ದೂರದಿಂದ ಕೈಮುಗಿಯಬೇಕು, ಮುಟ್ಟಿದರೆ ಒಡೆದಾರು. ಆ ವರ್ಷ ಗಂಧವನ್ನು ಕಣ್ಣಿಡುವ ಗಾಜಿಗೇ ಬಳಿದಿದ್ದರು. ದೇವರ ಹಣೆ ಎಲ್ಲಿದೆಯೆಂದು ಹುಡುಕಿದಾಗ ಸಿಕ್ಕ ಜಾಗ ಅದು.

ಆಡಳಿತ ಮಂಡಳಿಯ ಅಧ್ಯಕ್ಷರು ಅಕ್ಕೋರ ತಾಳ್ಮೆಯನ್ನು, ಸೀರೆ ಉಡುವ ಶಿಸ್ತನ್ನು, ಅವರು ಮಾಡುತ್ತಿದ್ದ ಕಡುಬನ್ನು ಹೊಗಳಿದರು. ವಿಜ್ಞಾನದ ಸುದ್ದಿ ಬರಲಿಲ್ಲ. ಕೊನೆಗೆ ಹೇಳಿದರು: "ಈ ಮೈಕ್ರೋಸ್ಕೋಪು ಇಲ್ಲಿ ಸುಮ್ನೆ ಕೂತದೆ. ಕಾರವಾರದ ಗಂಡುಹುಡುಗ್ರ ಶಾಲೆಗೆ ಕೊಡೂದು ಅಂತ ಮಾಡಿದ್ದೇವೆ. ಅಕ್ಕೋರ ಕೈಯಿಂದ್ಲೇ ಕೊಡಿಸ್ವ."

ಅಕ್ಕೋರಿಗೆ ಇದನ್ನು ಯಾರೂ ಮೊದಲೇ ತಿಳಿಸಿರಲಿಲ್ಲ. ಅವರ ಮುಖ ನೋಡುವ ಭರದಲ್ಲಿ ನಾನು ಹರಿವಾಣ ವಾಲಿಸಿದೆ. ತೆಂಗಿನಕಾಯಿ ಹರಿವಾಣದಿಂದ ಉರುಳಿತು.

"ಕೊಡೂಕೆ ಮೊದ್ಲು ನೀವೊಮ್ಮೆ ನೋಡಿ," ಎಂದರು ಅಕ್ಕೋರು.

ಅಧ್ಯಕ್ಷರು ಬಗ್ಗಿ ಕಣ್ಣಿಟ್ಟರು. "ಅಬ್ಬಬ್ಬ! ಎಷ್ಟು ಹುಳ ಮಾರಾಯ್ರೆ! ಎಲ್ಲಾ ಹರೀತಾ ಅವೆ!"

"ಎಂತಾ ಇಟ್ಟದ್ದು ಅದ್ರಡಿಗೆ?"

"ನೀವೇ ಇಟ್ಟದ್ದಲ್ದಾ?"

"ನಾ ಎಂತದೂ ಇಡ್ಲಿಲ್ಲ ತಮ್ಮಾ. ನಿನ್ನ ಹುಬ್ಬಿಗೆ ಗಂಧ ಹತ್ತದೆ, ಒರ್ಸ್ಕೊ."

ಮುಂದಿನ ಸಾಲಿನ ಹುಡುಗಿಯರು ಜಡೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅಕ್ಕೋರು ಮೈಕ್ರೋಸ್ಕೋಪನ್ನು ಮಗುವಿನಂತೆ ಎತ್ತಿಕೊಂಡರು. "ಮಾಸ್ತರೆ, ದಾರಿ ಬಿಡಿ," ಎಂದು ನನ್ನನ್ನು ದಾಟಿ ಜಗಲಿಗೆ ಹೋಗಿ ಬಿಸಿಲಿನ ಪಕ್ಕ ಕುಳಿತರು. ಸೆರಗಿನಿಂದ ಗಾಜು ಒರೆಸಿ, ಮಾಲೆಯ ಹೂವಿನ ಎಸಳಿನಿಂದ ತೆಳ್ಳನೆಯ ಸಿಪ್ಪೆ ಎಳೆದು ಗಾಜಿನ ಪಟ್ಟಿಯ ಮೇಲಿಟ್ಟು, ಕನ್ನಡಿ ತಿರುಗಿಸಿದರು.

"ಬಾರೆ ತಂಗಿ."

ಮೊದಲು ಬಂದವಳು ಹಾರವಾಡದ ಹುಡುಗಿ. ಬಹಳ ಹೊತ್ತು ನೋಡಿದಳು. "ಸಣ್ಣ ಸಣ್ಣ ಕೋಣೆ ಅವೆ ಅಕ್ಕೋರೆ, ಸಾಲಾಗಿ!"

"ಹುಳ?"

"ಒಂದೂ ಇಲ್ಲ."

ಅಂಗಳ ಖಾಲಿಯಾಗಿ ಜಗಲಿಯಲ್ಲಿ ಸಾಲು ಬೆಳೆಯಿತು. ವೇದಿಕೆಯಲ್ಲಿ ಮಂಡಳಿಯವರು ಖಾಲಿ ಕುರ್ಚಿಗೇ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರು. ಮೈಕ್ರೋಸ್ಕೋಪು ಒಯ್ಯಲು ಬಂದಿದ್ದ ಜೀಪು ಸನ್ಮಾನದ ಹಣ್ಣು ತುಂಬಿಕೊಂಡು ಕಾರವಾರಕ್ಕೆ ಮರಳಿತು. ಹೊರಡುವಾಗ ಅಕ್ಕೋರು ಕಪಾಟಿನ ಬೀಗವನ್ನು ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡರು. ಹೊಸ ಬೀಗ ತರಲು ಮಂಡಳಿಗೆ ಧೈರ್ಯವಾಗಲಿಲ್ಲ.

ಅಕ್ಕೋರು ಈಗಿಲ್ಲ. ಇದನ್ನು ಕಂಡವರಲ್ಲಿ ಈಗ ಎಲ್ಲಿದ್ದಾರೆಂದು ನನಗೆ ಗೊತ್ತಿರುವವರು, ನನ್ನನ್ನು ಬಿಟ್ಟರೆ, ಮೂವರು. ಅಧ್ಯಕ್ಷರು, ಅವರನ್ನು ಕೇಳಿ ಪ್ರಯೋಜನವಿಲ್ಲ. ಬೊಬ್ರುವಾಡದಲ್ಲಿರುವ, ಶಾಲೆಯ ಅಂದಿನ ಜವಾನ. ಮತ್ತೆ ಆ ಹಾರವಾಡದ ಹುಡುಗಿ, ಈಗ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಾಳೆ; ಕೇಳುವುದಾದರೆ ಅವಳನ್ನು ಕೇಳಿ.